ಇಬ್ಬರ ಬಳಿ ಇದ್ದ ಕೀಲಿ

ಪರದೆಯ ಮೇಲೆ ಒಂಬತ್ತನೇ ಬಾರಿ ಅದೇ ಕೆಂಪು ಸಾಲು ಮೂಡಿತು: ‘ಈ ಕ್ರಮಸಂಖ್ಯೆ ಈಗಾಗಲೇ ಬಳಕೆಯಾಗಿದೆ.’

ಶಿವಲೀಲಾ ಮೇಜು ಗುದ್ದಿದಳು. ಸಂಜೆಯೊಳಗೆ ವಿಶ್ವವಿದ್ಯಾಲಯದ ಅಷ್ಟೂ ಅಂಕಪಟ್ಟಿಗಳಿಗೆ ಡಿಜಿಟಲ್ ಸಹಿ ಹಾಕಿ, ಯಾರೂ ತಿದ್ದಲಾಗದ ಬ್ಲಾಕ್‌ಚೈನ್ ದಾಖಲೆಗೆ ಕಳಿಸಬೇಕಿತ್ತು. ಪ್ರತಿ ಸಹಿಗೂ ಒಂದು ಕ್ರಮಸಂಖ್ಯೆ; ಒಮ್ಮೆ ಬಳಸಿದ್ದು ಮತ್ತೆ ನಡೆಯದು. ಅವಳ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಮುಂದಿನ ಸಂಖ್ಯೆ ಪಡೆದು ಸಹಿ ಮಾಡುವಷ್ಟರಲ್ಲಿ ಯಾರೋ ಅದನ್ನು ಬಳಸಿಬಿಡುತ್ತಿದ್ದರು. ಸಹಿ ಹಾಕಲು ಬೇಕಾದ, ಪಾಸ್‌ವರ್ಡಿನಂಥ ಗುಪ್ತ ಕೀಲಿ ಇದ್ದದ್ದು ಇಬ್ಬರ ಬಳಿ ಮಾತ್ರ: ಅವಳ ಬಳಿ, ಎದುರು ಕುಳಿತ ಅವಳ ಸಹಾಯಕ ಗುರುಪಾದನ ಬಳಿ.

“ಕಳ್ಳ ಅಂಕಪಟ್ಟಿ ಯಾರಿಗೆ ಮಾಡಿಕೊಡಾಕತ್ತೀಯೋ?”

“ನಾ ಮುಂಜಾನಿಂದ ಕೀಲಿ ಮುಟ್ಟಿಲ್ರೀ ಮೇಡಂ. ನಿಮ್ಮ ಕೋಡ್ ಒಮ್ಮೆ ನೋಡೂಣಲ್ರೀ.”

“ನನ್ನ ಕೋಡಿನಾಗ ತಪ್ಪು ಹುಡುಕಾಂವ ಇನ್ನೂ ಹುಟ್ಟಿಲ್ಲ! ಲ್ಯಾಪ್‌ಟಾಪ್ ಇಟ್ಟು ಹೊಂಟ್ಹೋಗು. ನಾಳಿಂದ ಬರಬ್ಯಾಡ.”

ಗುರುಪಾದ ಲ್ಯಾಪ್‌ಟಾಪನ್ನೂ ಕೊರಳಿನ ಗುರುತಿನ ಚೀಟಿಯನ್ನೂ ಅವಳ ಮುಂದಿಟ್ಟ. ಬಾಗಿಲಲ್ಲಿ ಹಿಂದಿರುಗಿ ನೋಡಿದ.

“ನಾ ಹ್ವಾದ ಮ್ಯಾಲ ಇನ್ನೊಮ್ಮೆ ಸಹಿ ಗುಂಡಿ ಒತ್ತಿ ನೋಡ್ರಿ.”

ಅವಳು ಅವನ ಲ್ಯಾಪ್‌ಟಾಪನ್ನು ಆಫ್ ಮಾಡಿ, ನಿರಾಳವಾಗಿ ಉಸಿರು ಬಿಟ್ಟು, ಒತ್ತಿದಳು.

‘ಈ ಕ್ರಮಸಂಖ್ಯೆ ಈಗಾಗಲೇ ಬಳಕೆಯಾಗಿದೆ.’

ಕೋಣೆ ನಿಶ್ಶಬ್ದವಾಗಿದ್ದರಿಂದ ಮೂಲೆಯ ಹಳೆ ಕಂಪ್ಯೂಟರಿನ ಫ್ಯಾನ್ ಸದ್ದು ಈಗ ಕಿವಿಗೆ ಬಿತ್ತು. ಅದರಲ್ಲಿ, ಸೋಮವಾರ ಅವಳೇ ಓಡಿಸಿ ನಿಲ್ಲಿಸಲು ಮರೆತಿದ್ದ ಪರೀಕ್ಷಾ ಪ್ರೋಗ್ರಾಂ, ಅವಳು ಹಾಕಿಟ್ಟಿದ್ದ ಅದೇ ಕೀಲಿಯಿಂದ, ಎರಡೆರಡು ಸೆಕೆಂಡಿಗೊಮ್ಮೆ ಖಾಲಿ ಅಂಕಪಟ್ಟಿಗಳಿಗೆ ಸಹಿ ಹಾಕುತ್ತಲೇ ಇತ್ತು.