ದೊಡ್ಡ ಎಡಿಷನ್

ಫಲಿತಾಂಶದ ದಿನವೇ ವಿಶ್ವವಿದ್ಯಾಲಯದ ವೆಬ್‌ಸೈಟ್ ಮಲಗಿಬಿಟ್ಟಿತು. ಒಂದು ಸರ್ವರ್ ಭಾರ ತಾಳದೆ ಕುಸಿದಿತ್ತು, ಇನ್ನೊಂದು ಸುಮ್ಮನೆ ಕೂತಿತ್ತು.

"ಎರಡೆರಡು ಸರ್ವರ್ ಇಟ್ಕೊಂಡು ಏನ್ರೀ ಮಾಡ್ತಿದ್ದೀರಿ?" ಕುಲಸಚಿವರು ಎಲ್ಲರೆದುರು ಗುಡುಗಿದರು.

ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದ ಮಂದಾಕಿನಿಯ ಮೈ ಉರಿದುಹೋಯಿತು.

"ಈ ಅಗ್ಗದ ಎಡಿಷನ್ ಸಾಫ್ಟ್‌ವೇರ್ ಎರಡಕ್ಕೂ ಕೆಲಸ ಹಂಚಲ್ಲ, ದೊಡ್ಡ ಎಡಿಷನ್ ಕೊಡಿಸಿ ಅಂತ ವರ್ಷದಿಂದ ಬಾಯಿ ಬಡ್ಕೊಂಡೆ. ಕೇಳಿದ್ರಾ? ನಿಮ್ಮ ಜಿಪುಣತನಕ್ಕೆ ನಾನ್ಯಾಕೆ ಬೈಸ್ಕೊಳ್ಳಲಿ? ನನಗೀ ಕೆಲಸಾನೇ ಬೇಡ!"

ಗುರುತಿನ ಚೀಟಿಯನ್ನು ಅವರ ಮೇಜಿನ ಮೇಲೆ ಎಸೆದು, ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಟುಬಂದಳು.

ಗೇಟಿನ ಬಳಿ ಸಹೋದ್ಯೋಗಿ ಫಯಾಜ್ ಓಡುತ್ತ ಬಂದ.

"ಮೇಡಂ, ಸೈಟ್ ಓಪನ್ ಆಯ್ತು! ದೊಡ್ಡ ಎಡಿಷನ್ ಬೇಕಾಗಿದ್ದದ್ದು ಈ ಸಾಫ್ಟ್‌ವೇರ್‌ನ ಹಳೇ ವರ್ಷನ್‌ನಲ್ಲಂತೆ. ನಮ್ಮದು ಹೊಸ ವರ್ಷನ್, ಇದರಲ್ಲಿ ಅಗ್ಗದ್ದೂ ಸೇರಿ ಎಲ್ಲಾ ಎಡಿಷನ್‌ಗೂ ಕೆಲಸ ಹಂಚೋ ಸೌಲಭ್ಯ ಇದೆ, ನಾವೇ ಆನ್ ಮಾಡಿರಲಿಲ್ಲ."