ಬೇಕಂತಲೇ ಹಚ್ಚಿದ ಬೆಂಕಿ

"ಬೇಕಂತಲೇ ಬೆಂಕಿ ಹಚ್ಚಿದ್ರೆ ದುಡ್ಡು ಬರ್ತದಾ ಸರ್?"

ಮಲ್ಲಿಕಾರ್ಜುನ್ ಪೆನ್ನು ಕೆಳಗಿಟ್ಟ. ಶಿಕಾರಿಪುರದ ಬಸ್ ನಿಲ್ದಾಣದ ಎದುರಿನ ಮಹಡಿ ಕೋಣೆಯಲ್ಲಿ ವಿಮೆ ಮಾರುತ್ತಲೇ ಅವನ ಅರ್ಧ ತಲೆಗೂದಲು ಉದುರಿತ್ತು. ದಡ್ಡರನ್ನು ಕಂಡಿದ್ದ, ಕಳ್ಳರನ್ನೂ ಕಂಡಿದ್ದ. ಆದರೆ ಪಾಲಿಸಿ ಮಾಡಿಸುವ ಮೊದಲೇ ಹೀಗೆ ಬಾಯಿಬಿಟ್ಟು ಕೇಳುವ ದಡ್ಡ ಕಳ್ಳಿಯನ್ನು ಕಂಡಿರಲಿಲ್ಲ.

ಹೆಸರು ಸುಮಾ. ಸೊರಬದ ಹತ್ತಿರದ ಹೊಸಬಾಳೆಯವಳು. ತವರಿನಿಂದ ಬಂದ ಜಮೀನಿನ ಪಾಲು ಮಾರಿ, ಶಿಕಾರಿಪುರದಾಚೆಯ ಹೊಸ ಬಡಾವಣೆಯಲ್ಲಿ ತನ್ನ ಹೆಸರಿಗೇ ಮನೆ ಕೊಂಡಿದ್ದಳು. ಮೊದಲ ಮನೆ ಕೊಂಡವರೆಂದರೆ ಮಲ್ಲಿಕಾರ್ಜುನನಿಗೆ ಅಸಡ್ಡೆ. ಗೃಹಪ್ರವೇಶಕ್ಕೆ ಊರಿಗೆಲ್ಲ ಹೋಳಿಗೆ ಹಾಕಿಸುತ್ತಾರೆ, ದೃಷ್ಟಿ ತಾಗದಿರಲೆಂದು ಬೂದುಗುಂಬಳಕಾಯಿ ಕಟ್ಟುತ್ತಾರೆ. ವಿಮೆ ಎಂದೊಡನೆ ಮುಖ ಹುಳ್ಳಗೆ ಮಾಡುತ್ತಾರೆ. ಅಪ್ಪಿತಪ್ಪಿ ಬಂದವರೂ ಸೈಟಿನ ಬೆಲೆ ಸೇರಿಸಿ ಬರೀರಿ ಎನ್ನುತ್ತಾರೆ. ಮಣ್ಣು ಸುಟ್ಟುಹೋಗುತ್ತದೆಯೇ? ಗೋಡೆ, ಸೂರು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ವಿಮೆ ಎಂದು ಎಷ್ಟು ಜನಕ್ಕೆ ಬಿಡಿಸಿ ಹೇಳುವುದು?

ಇವಳು ಅದನ್ನೂ ಕೇಳಲಿಲ್ಲ. ಭೂಕಂಪ, ಕಳ್ಳತನ, ಮನೆಯೊಳಗಿನ ಸಾಮಾನು ಎಂದು ಅವನು ಒಂದೊಂದಾಗಿ ವಿವರಿಸುವಾಗ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಬೇಕಿದ್ದದ್ದು ಬೆಂಕಿಯೊಂದೇ.

"ನಯಾಪೈಸೆ ಬರಲ್ಲ," ಎಂದ. "ಮನೆಯವರೇ ಹಚ್ಚಿದ್ರೆ ಜೈಲು."

"ಗ್ಯಾಸ್ ಲೀಕಾಗಿ ಆಯ್ತು ಅಂದ್ರೆ? ಅದೂ ಗೊತ್ತಾಗ್ತದಾ?"

"ಗೊತ್ತಾಗದೆ ಏನ್ರೀ? ತಾನಾಗೇ ಲೀಕಾಯ್ತೋ, ಯಾರಾದ್ರೂ ತಿರುಗಿಸಿದ್ರೋ, ಅದನ್ನ ಹುಡುಕೋಕಂತಲೇ ಜನ ಇದಾರೆ."

ಅವಳ ಮುಖ ಅರಳಿತು. ಸಿಕ್ಕಿಬಿದ್ದ ಕಳ್ಳರ ಮುಖ ಸಾಮಾನ್ಯವಾಗಿ ಹಾಗೆ ಅರಳುವುದಿಲ್ಲ. "ಹಂಗಾದ್ರೆ ಭಾನುವಾರ ಮನೆಗೆ ಬನ್ನಿ ಸರ್. ಇದನ್ನೇ ನಮ್ಮನೆಯವರ ಎದುರಿಗೆ ಹೇಳ್ಬೇಕು."

ಹೋಗುವುದೇ ಸರಿ ಎಂದುಕೊಂಡ ಮಲ್ಲಿಕಾರ್ಜುನ್. ಇಂಥವಳನ್ನು ಕಟ್ಟಿಕೊಂಡ ಬಡಪಾಯಿ ಯಾರೆಂದು ನೋಡಬೇಕಿತ್ತು. ಸಾಧ್ಯವಾದರೆ ಅವನ ಕಿವಿಯಲ್ಲಿ ಒಂದು ಮಾತು ಊದಬೇಕಿತ್ತು.

ಭಾನುವಾರ ಚಳಿಗಾಳಿ ಬೀಸುತ್ತಿತ್ತು. ಆ ಮನೆಯ ಕಿಟಕಿಗಳೋ ಒಂದೂ ಬಿಡದಂತೆ ತೆರೆದಿದ್ದವು. ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆ, ಅದರ ಮೇಲೆ ಫಳಫಳ ಹೊಳೆಯುವ ಗ್ಯಾಸ್ ಒಲೆ. ಸುಮಾ ಮಾತ್ರ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು, ಪುಳ್ಳೆ ಉರಿಸಿ ಚಹಾ ಕಾಯಿಸುತ್ತಿದ್ದಳು. ಹೊಗೆಗೆ ಕಣ್ಣು ಕೆಂಪಾಗಿತ್ತು. ಅರಮನೆ ಕೊಟ್ಟರೂ ಇವರು ಮೂರು ಕಲ್ಲು ಬಿಡುವ ಪೈಕಿಯಲ್ಲ ಎಂದು ಮಲ್ಲಿಕಾರ್ಜುನ್ ಒಳಗೊಳಗೇ ನಕ್ಕ.

ಗಂಡ ಯತೀಶನೇ ವಾಸಿ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವನು. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು.

"ಬರ್ರಿ ಸರ್, ಕುಂದರ್ರಿ. ಈಚೆಗೆ ಇವಳಿಗೆ ಏನೇನೋ ಭಯ ನೋಡ್ರಿ. ವಾಸನೆ ಬರ್ತೈತಿ ಅಂತಾಳೆ. ಎದ್ದೆದ್ದು ಕಿಟಕಿ ತೆಗೀತಾಳೆ. ಡಾಕ್ಟರಿಗೆ ತೋರ್ಸೋಣ ಅಂದ್ರೆ ಕೇಳಲ್ಲ."

ಮಲ್ಲಿಕಾರ್ಜುನನಿಗೆ ಅಯ್ಯೋ ಅನಿಸಿತು. ಹಾವಿಗೆ ಹಾಲೆರೆಯುವ ಸಾಧು ಪ್ರಾಣಿ! ಗಂಟಲು ಸರಿಮಾಡಿಕೊಂಡು, ಆಫೀಸಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಒಂದೊಂದು ಮಾತನ್ನೂ ಸುಮಾಳ ಮುಖಕ್ಕೇ ಎಸೆದ.

ಅವಳು ತಲೆ ತಗ್ಗಿಸಲಿಲ್ಲ. ಇಬ್ಬರ ಕೈಗೂ ಚಹಾದ ಲೋಟ ಕೊಟ್ಟು ಮಲ್ಲಿಕಾರ್ಜುನನನ್ನು ಕೇಳಿದಳು: "ಬೆಂಕಿಯಲ್ಲಿ ಮನೆಯವರು ಯಾರಾದ್ರೂ ಸತ್ರೆ ಏನಾಗ್ತದೆ ಸರ್?"

ಎಂಥ ಗುಂಡಿಗೆ! ಗಂಡನ ಎದುರಲ್ಲೇ!

"ಪೊಲೀಸ್ರು ಬರ್ತಾರೆ," ಎಂದು ಮಲ್ಲಿಕಾರ್ಜುನ್ ದನಿ ಏರಿಸಿದ. "ಸತ್ತೋರಿಂದ ಯಾರಿಗೆ ಲಾಭ ಅಂತ ಮೊದಲು ನೋಡ್ತಾರೆ. ಬದುಕಿ ಉಳಿದೋರ ಫೋನು, ಓಡಾಟ, ಅಕ್ಕಪಕ್ಕದವರ ಮಾತು, ಒಂದನ್ನೂ ಬಿಡಲ್ಲ. ದುಡ್ಡು ಹಾಳಾಗ್ಲಿ, ಜೀವನಪೂರ್ತಿ ಕಂಬಿ ಎಣಿಸ್ಬೇಕಾಗ್ತದೆ!"

"ಇನ್ನೊಂದ್ಸಲ ಹೇಳಿ ಸರ್."

ಹೇಳಿದ. ಬೀದಿಗೆ ಕೇಳಿಸುವಂತೆ ಹೇಳಿದ. ಯತೀಶನ ಕೈಯಲ್ಲಿದ್ದ ಲೋಟ ವಾಲಿ ಚಹಾ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಪಾಪ, ಎಂಥವಳ ಜೊತೆ ಸಂಸಾರ ಮಾಡುತ್ತಿದ್ದೇನೆಂದು ಈಗ ತಿಳಿಯಿತು ಮನುಷ್ಯನಿಗೆ. ಅಂಗಿ ಬದಲಿಸಿ ಬರುತ್ತೇನೆಂದು ಎದ್ದವನ ಭುಜ ತಟ್ಟಿ ಮಲ್ಲಿಕಾರ್ಜುನ್ ಮೆಲ್ಲಗೆ ಹೇಳಿದ: "ಹುಷಾರಾಗಿರ್ರಿ." ಯತೀಶ ತಲೆ ಎತ್ತದೆ ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಗೇಟಿನವರೆಗೆ ಸುಮಾ ಬಂದಳು. ಮಲ್ಲಿಕಾರ್ಜುನ್ ಬೈಕ್ ಹತ್ತಿ, ಅವಳತ್ತ ನೋಡುವುದೂ ಮೈಲಿಗೆ ಎಂಬಂತೆ ಹೇಳಿದ: "ಮೇಡಂ, ನಿಮ್ಮಂಥೋರಿಗೆ ನಾನು ಪಾಲಿಸಿ ಕೊಡಲ್ಲ. ಬೇರೆ ಕಡೆ ನೋಡ್ಕೊಳ್ರಿ. ನಿಮ್ಮ ಯಜಮಾನ್ರಿಗೆ ಎಲ್ಲ ಅರ್ಥ ಆಗೇತಿ, ಅಷ್ಟು ಸಾಕು."

"ಅಷ್ಟೇ ಬೇಕಿತ್ತು ಸರ್," ಎಂದಳು ಸುಮಾ. ಮೊದಲ ಬಾರಿಗೆ ಅವಳ ದನಿ ಒಡೆಯಿತು. "ಹೋದ ತಿಂಗಳು ಇವರು ನನ್ನ ಹತ್ರ ಸಹಿ ಹಾಕಿಸ್ಕೊಂಡು ನನ್ನ ಜೀವಕ್ಕೆ ವಿಮೆ ಮಾಡಿಸಿದ್ರು, ಅವತ್ತಿಂದ, ಇವರು ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದ ದಿನವೆಲ್ಲ, ನಾನು ಏಳೋ ಹೊತ್ತಿಗೆ ಗ್ಯಾಸ್ ತೆರೆದೇ ಇರ್ತದೆ."