ಹಲ್ಲಲ್ಲಿ ಕಚ್ಚಿದ ದಾರ

ಎಂದಿನ ಪಾರ್ಲರ್‌ಗೆ ಬೀಗ ಬಿದ್ದಿತ್ತು. ಹುಡುಗಿ ಗಡಿಬಿಡಿಯಲ್ಲಿ ಪಕ್ಕದ ಬೀದಿಯ ಇನ್ನೊಂದಕ್ಕೆ ನುಗ್ಗಿ, ಕುರ್ಚಿಗೊರಗಿ, ಎರಡು ಬೆರಳಲ್ಲಿ ರೆಪ್ಪೆ ಎಳೆದು ಹಿಡಿದಳು.

"ಬರೀ ಐಬ್ರೋ ಆಂಟಿ. ಸಂಜೆ ನನ್ನ ನೋಡೋಕೆ ಬರ್ತಿದ್ದಾರೆ. ಕೆಂಪಗಾಗಲ್ಲ ತಾನೆ? ಹೋದ ಸಲ ಊದ್ಕೊಂಡು, ಗುಳ್ಳೆ ಬೇರೆ ಎದ್ದಿತ್ತು."

ಆಂಟಿ ಆಗಲೇ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಬಾಯಿ ಬಿಡುವಂತಿರಲಿಲ್ಲ.

ಕಣ್ಣು ಮುಚ್ಚಿದ ಹುಡುಗಿಗೆ ಸುಮ್ಮನಿರಲಾಗಲಿಲ್ಲ.

"ಫೋಟೋದಲ್ಲಿ ಹುಡುಗ ಚೆನ್ನಾಗಿದ್ದಾನೆ. ಅವರಮ್ಮಂದೇ ಭಯ. ಏನೋ ಅಂಗಡಿ ಇಟ್ಟಿದ್ದಾರಂತೆ. ಮಹಾ ಘಾಟಿಯಂತೆ."

ದಾರ ಸರಸರನೆ ಓಡಿತು. ಹುಡುಗಿಯ ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಮೆಲ್ಲಗೆ! ಮದುವೆ ಒಂದಾಗ್ಲಿ, ಆರೇ ತಿಂಗಳಲ್ಲಿ ಬೇರೆ ಮನೆ ಮಾಡಿಸ್ತೀನಿ. ನೀವೇ ಹೇಳಿ, ಅಂಥೋರ ಜೊತೆ ಏಗೋಕಾಗುತ್ತಾ?"

ಎರಡನೆಯ ಹುಬ್ಬೂ ಮುಗಿಯಿತು. ಹುಡುಗಿ ಕನ್ನಡಿ ನೋಡಿ ಬೆಚ್ಚಿದಳು.

"ಅಯ್ಯೋ, ಎಷ್ಟು ಕೆಂಪಗಾಗಿದೆ! ಅಷ್ಟರೊಳಗೆ ಇಳಿಯುತ್ತಾ ಆಂಟಿ?"

ಆಂಟಿ ದಾರವನ್ನು ಹಲ್ಲಿನಿಂದ ಬಿಡಿಸಿ, ಐಸ್ ತುಂಡೊಂದನ್ನು ಅವಳ ಹುಬ್ಬಿಗೆ ಒತ್ತಿದರು.

"ಒಂದು ಗಂಟೇಲಿ ಇಳಿಯುತ್ತೆ ಕಣಮ್ಮ. ನಾವು ನಿಮ್ಮನೆಗೆ ಬರೋದು ಐದಕ್ಕೆ."